ಬಾರ್ಡರ್ ಅಂದ್ರೆ ಸ್ವಲ್ಪ ಅಲ್ಲ

ಸುಳ್ಯದ ಆಸ್ಪತ್ರೆಯೊಂದಕ್ಕೆ ವಾರಕ್ಕೊಮ್ಮೆ ಹೋಗುವ ಮನೋವೈದ್ಯೆ ನಾನು. ಗುತ್ತಿಗಾರಿನ ಶಿಕ್ಷಕಿ ವಿದ್ಯಾಳನ್ನು ಅವಳ ಸೋದರಮಾವ ಕರೆತಂದಿದ್ದರು. ಮೊದಲು ನೋಡಿದ ಒಬ್ಬರು ಖಿನ್ನತೆ ಅಂದಿದ್ದರು, ಇನ್ನೊಬ್ಬರು ಥೈರಾಯ್ಡ್ ಅಂದಿದ್ದರು. ಮನೆಯವರ ಪ್ರಕಾರ ಅವಳ ಸಿಟ್ಟು, ರಂಪ ಎಲ್ಲ ಬರೀ ಕೊಬ್ಬು. ನಾಲ್ಕು ಭೇಟಿಯಲ್ಲಿ ಅವಳ ಕತೆಯನ್ನೆಲ್ಲ ಕೇಳಿದ ಮೇಲೆ ನಾನು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಬರೆದೆ.

ಮಾವನಿಗೆ ಸಮಾಧಾನವೇ ಆಯಿತು. "ಬಾರ್ಡರ್ ಅಲ್ವಾ? ನನ್ನ ಶುಗರೂ ಬಾರ್ಡರಲ್ಲೇ ಉಂಟು. ಮದ್ದು ಬೇಡ ಅಂದಿದ್ದಾರೆ."

ಅದು ಹಾಗಲ್ಲ, ಇದು ಪೂರ್ತಿ ಕಾಯಿಲೆಯೇ ಎಂದು ಮೂರು ಸಲ ವಿವರಿಸಿದೆ.

"ಅಂದ್ರೆ ಸ್ವಲ್ಪ ಉಂಟು," ಎಂದರು.

ಈ ಕಾಯಿಲೆಗೆ ಹೆಸರಿಟ್ಟವರ ಮೇಲೇ ನನಗೆ ಸಿಟ್ಟು ಬಂತು.

ಅಷ್ಟರಲ್ಲಿ ವಿದ್ಯಾ ಬಾಯಿಬಿಟ್ಟಳು. "ಮಾವ, ಮೊನ್ನೆ ನೀವು ಫೋನ್ ತೆಗೀಲಿಲ್ಲ. ನೀವೂ ನನ್ನನ್ನು ಬಿಟ್ರಿ ಅಂತ ಹೆದರಿಕೆ ಆಯ್ತು. ಹಾಗಾಗಿ ನಿಮಗೆ ಬೈದದ್ದು. ಕೈಗೆ ಗಾಯ ಮಾಡಿಕೊಂಡದ್ದೂ ಅದಕ್ಕೇ."

ಮಾವ ಅವಳ ಕೈ ಹಿಡಿದು ಗಾಯ ನೋಡಿದರು. "ಇನ್ನು ಎಂತ ಮಾಡುದು ಡಾಕ್ಟ್ರೇ?"

"ಪ್ರತಿ ವಾರ ಬರಬೇಕು. ಮಾತಾಡ್ತಾ ಮಾತಾಡ್ತಾ ಗುಣ ಆಗ್ತದೆ."

"ಬರ್ತೇವೆ. ಆದ್ರೆ ಇವಳು ಹೇಳಿದ ಹಾಗೆ ನೀವೂ ಬಿಡಿಸಿ ಹೇಳ್ಬಹುದಿತ್ತಲ್ಲ ಮಾರಾಯ್ರೆ!"

ಅವಳನ್ನೇ ನನ್ನ ಕುರ್ಚಿಯಲ್ಲಿ ಕೂರಿಸಿ ಚಹಾಕ್ಕೆ ಹೋಗಿಬಿಡೋಣ ಅನ್ನಿಸಿತು.