ಮೀನಿಗೂ ಏಕಾದಶಿ

ಕುಷಾಯಿಗೂಡದಲ್ಲಿ ನಮ್ಮ ಮೇಲಿನ ಮನೆಯ ಜಯತೀರ್ಥರಾಯರು ಈರುಳ್ಳಿ ಹೆಚ್ಚಿದ ಚಾಕುವನ್ನೂ ಮುಟ್ಟದ ಮನುಷ್ಯ. ಇಂಥವರು ನಿವೃತ್ತರಾದ ಮೇಲೆ ಗಾಳ ಹಿಡಿದರು ಅಂದರೆ ನೀವು ನಂಬಲಿಕ್ಕಿಲ್ಲ, ನಾನೂ ನಂಬಿರಲಿಲ್ಲ. ಪ್ರತಿ ಭಾನುವಾರ ನನ್ನ ಕಾರಿನಲ್ಲಿ ಕೀಸರ ಊರು ದಾಟಿ ಒಂದು ಹಳ್ಳಿಯ ಕೆರೆಗೆ ಹೋಗುತ್ತಿದ್ದೆವು. ದುಡ್ಡು ಕೊಟ್ಟು ಚೀಟಿ ತೆಗೆಸಿದರೆ ಅಲ್ಲಿ ಯಾರು ಬೇಕಾದರೂ ಮೀನು ಹಿಡಿಯಬಹುದು. ರಾಯರು ಹಿಡಿದ ಮೀನಿಗೆ ಕೈಮುಗಿದು, "ತಪ್ಪಾತು, ಅಪ್ಪಾ" ಎಂದು ಮತ್ತೆ ನೀರಿಗೇ ಬಿಡುತ್ತಿದ್ದರು. ಪಕ್ಕದಲ್ಲಿ ಬರಿಗೈಯಲ್ಲಿ ಕೂತವರ ಹೊಟ್ಟೆ ಉರಿಯುತ್ತಿತ್ತು.

ಹೆಂಡತಿ ನಲಿನಿಬಾಯಿಗೆ ಮಾತ್ರ ಪ್ರವಚನಕ್ಕೆ ಹೋಗುತ್ತೇನೆ ಎಂದು ಹೇಳಿಟ್ಟಿದ್ದರು.

"ಯಾವ ಆಚಾರ್ರ ಪ್ರವಚನರಿ ಅದು, ಅಂಗಿ ಮೀನ ನಾರತದ?" ಎಂದು ಆಕೆ ಒಂದು ದಿನ ಕೇಳಿಯೇಬಿಟ್ಟರು.

"ಮತ್ಸ್ಯಾವತಾರ ನಡದದ," ಅಂದರು ರಾಯರು. ಸುಳ್ಳು ಹೇಳಿದರೂ ದಶಾವತಾರ ದಾಟದ ಮನುಷ್ಯ.

"ಹಂಗಾದ್ರ ಈ ಐತವಾರ ನಾನೂ ಬರತೀನಿ."

ಇನ್ನು ಮುಚ್ಚಿಡುವುದೇನು ಬಂತು? ಆ ಭಾನುವಾರ ಕೆರೆಯ ಏರಿಯ ಮೇಲೆ ರಾಯರು ಗಾಳ, ಮೀನಿಗೆಂದು ಇಂಗು ಹಾಕಿ ಕಲಸಿದ ಗೋಧಿ ಕಣಕ ಎಲ್ಲವನ್ನೂ ಹೆಂಡತಿಯ ಮುಂದಿಟ್ಟು ತಲೆ ತಗ್ಗಿಸಿ ನಿಂತರು. ಆಕೆ ಬೇಡವೆಂದರೆ ಕೆರೆಯ ಋಣ ಅಲ್ಲಿಗೆ ತೀರಿತು. ಆ ಮುಖ ನೋಡಿ ನನಗೂ ಸಂಕಟವಾಯಿತು.

"ಅವಕ್ಕ ನೋವಾಗಂಗಿಲ್ಲೇನು?"

"ಸಣ್ಣ ಗಾಳ. ಹಿಡದು ಬಿಟ್ಟೇ ಬಿಡತೀನಿ."

ನಲಿನಿಬಾಯಿ ಕಣಕ ಮೂಸಿದರು. "ಇಂಗಿನ ಡಬ್ಬಿ ಯಾಕ ಖಾಲಿ ಆಗತದ ಅಂತ ಈಗ ತಿಳೀತು!"

ಪಾಪಕ್ಕಿಂತ ಇಂಗಿನ ಸಿಟ್ಟೇ ದೊಡ್ಡದೆಂದು ರಾಯರು ಸ್ವಲ್ಪ ಉಸಿರು ಬಿಟ್ಟರು. ಆಕೆಯದು ಮುಗಿದಿರಲಿಲ್ಲ.

"ಇವತ್ತು ಏಕಾದಶಿ. ನಾವಿಬ್ಬರೂ ನೀರ ಸೈತ ಮುಟ್ಟಿಲ್ಲ. ಮೀನಿಗೆ ಗೋಧಿ ತಿನ್ನಸತೀರೇನು? ಅವಕ್ಕಂತೂ ತಿಳಿಯೂದಿಲ್ಲ, ನಿಮಗ ತಿಳೀಬ್ಯಾಡೇನು?"

ರಾಯರು ದಾರ ಸುತ್ತಿದರು. ವಾಪಸು ಬರುವ ದಾರಿಯುದ್ದಕ್ಕೂ ಗಾಳದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ನನಗೆ ನಲಿನಿಬಾಯಿಯ ಮೇಲೆ ಸಿಟ್ಟು ಬಂದಿತ್ತು. ಆದರೆ ಹೇಳುವ ಧೈರ್ಯ ಯಾರಿಗಿದೆ?

ಮರುದಿನ ದ್ವಾದಶಿ. ಉಪವಾಸ ಮುರಿಯುವ ಊಟ ಅವರ ಮನೆಯಲ್ಲಿ ಬೆಳಗ್ಗೆಯೇ ಮುಗಿಯುತ್ತದೆ. ನನ್ನನ್ನೂ ಕರೆದಿದ್ದರು. ರಾಯರು ಕೈ ತೊಳೆದು ಬರುವಷ್ಟರಲ್ಲಿ ನಲಿನಿಬಾಯಿ ಒಂದು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುಚ್ಚಳ ಬಿಗಿಯಾಗಿದ್ದರೂ ಒಳಗಿನ ಕಣಕದ ಇಂಗು ಘಮ್ಮೆನ್ನುತ್ತಿತ್ತು.

"ಲಗೂ ಹೋಗರಿ," ಅಂದರು. "ಅವಕ್ಕೂ ನಿನ್ನಿಯಿಂದ ಉಪಾಸ ಅದ."