ಸಾರಕ್ಕಿಯ ಮಗ್ಗದ ಮೇಲೆ ಚೀನಾ ನೂಲು

ಗುರುಶಾಂತಪ್ಪನ ಮುತ್ತಾತ ಶಂಭುಲಿಂಗಪ್ಪ ದೊಡ್ಡಬಳ್ಳಾಪುರದ ಕಡೆಯಿಂದ ಮಗ್ಗದ ಮರಮುಟ್ಟು ಗಾಡಿಗೆ ಹೇರಿಕೊಂಡು ಸಾರಕ್ಕಿಗೆ ಬಂದವನು. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಅವನೂ ಅಲ್ಲೇ ಗುಂಡಿ ತೋಡಿ ಮಗ್ಗ ಹೂಡಿದ. ಸತ್ತವರಿಗೆ ಹೊದಿಸುವ ಬಟ್ಟೆಗೆ ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಅವನ ಮಗ ಚೌಡಪ್ಪ, ಬೆರಕೆ ಜರಿಯನ್ನು ಅಪ್ಪಟವೆಂದು ಹೇಳಲೊಲ್ಲದೆ, ಚಿಕ್ಕಪೇಟೆ ಸಾಹುಕಾರನ ಎದುರಿಗೇ ಸೀರೆ ಮಡಚಿಕೊಂಡು ಎದ್ದುಬಂದ ಗಂಡಸು. ಮೊಮ್ಮಗ ರೇವಣ್ಣ, ಹಿಟ್ಲರನ ಯುದ್ಧದಲ್ಲಿ ಊರ ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋದಾಗ, ದಪ್ಪ ನೂಲಿನ ಟವಲು ನೇಯ್ದು ಮನೆ ನಡೆಸಿದ. ಆ ರೇವಣ್ಣನ ಮಗನೇ ನಮ್ಮ ಗುರುಶಾಂತಪ್ಪ.

ಇವನ ಕಾಲಕ್ಕೆ ಬಂದದ್ದು ಚೀನಾ ನೂಲು. ನಮ್ಮ ಕಡೆಯ ರೇಷ್ಮೆ ಹಳದಿ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಚೀನಾದ್ದು ಹಾಲಿನ ಹಾಗೆ ಬಿಳುಪು, ಮೊದಲಿಂದ ಕೊನೆವರೆಗೂ ಒಂದೇ ಸಮ. ಉದ್ದದ ಹಾಸು ಎಳೆಗೆ ಅದನ್ನು ಹಾಕಿ, ಅಡ್ಡದ ಹೊಕ್ಕು ಎಳೆಗೆ ನಮ್ಮದನ್ನು ಹಾಕಿದರೆ ಸೀರೆಗೆ ಸೀರೆಯ ಮೈ ಬರುತ್ತಿತ್ತು. ಎರಡೂ ದೊಡ್ಡ ದೇಶದವರು ತಬ್ಬಿಕೊಂಡು ಭಾಯಿ ಭಾಯಿ ಎಂದ ಕಾಲದಲ್ಲಿ ನೇಕಾರರ ಸಂಘಕ್ಕೆ ಸರ್ಕಾರದ ಪರವಾನಗಿಯ ಮೇಲೆ ಅದು ಬರುತ್ತಿತ್ತು. ಆಮೇಲೆ ಹಿಮಾಲಯದ ಗೆರೆಗಾಗಿ ಕಾಗದದ ಮೇಲೆ ಕಾಗದ ಓಡಾಡಿದವು, ಮುಖ ಗಂಟಿಕ್ಕಿದವು. ಆದರೂ ನೂಲು ಬರುತ್ತಲೇ ಇತ್ತು. ಮೇಲೆ ಜಗಳ, ಕೆಳಗೆ ವ್ಯಾಪಾರ. ಅರವತ್ತೆರಡನೇ ಇಸವಿ ದೀಪಾವಳಿಯ ಹೊತ್ತಿಗೆ ಕಾಗದವೂ ನೂಲೂ ನಿಂತು, ಗುಂಡಿನ ಸದ್ದೊಂದೇ ಉಳಿಯಿತು.

ಆಗ ಗುರುಶಾಂತಪ್ಪನ ಮಗ್ಗದ ಮೇಲೆ ಚೀನಾ ನೂಲಿನ ಕೊನೆಯ ಕಟ್ಟಿನ ಹಾಸು ಇತ್ತು. ಮೂರು ಸೀರೆಯ ಹಾಸು. ಎರಡು ಮುಗಿದು ಮೂರನೆಯದು ಅರ್ಧಕ್ಕೆ ಬಂದಿತ್ತು. ಅದು ಜಯನಗರದ ಗುಮಾಸ್ತೆ ಸೇತುರಾಮನ ಮಗಳು ಕಾತ್ಯಾಯಿನಿಯ ಧಾರೆ ಸೀರೆ.

ಹೊಸ ನೂಲಿನ ಕಟ್ಟು ಬಿಚ್ಚಿದ ದಿನ ಅದರ ಚೀಟಿಯನ್ನು ಮಗ್ಗದ ಕಂಬಕ್ಕೆ ಅಂಟಿಸಿ ಕುಂಕುಮ ಇಡುವುದು ಆ ಮನೆಯ ಪದ್ಧತಿ. ಚೀಟಿಯ ಮೇಲೆ ಎರಡು ಕೊಕ್ಕರೆ, ಒಂದು ಬೆಟ್ಟ, ಇರುವೆ ಹರಿದ ಹಾಗೆ ನಾಲ್ಕು ಅಕ್ಷರ. ಹೆಂಡತಿ ಜಯದೇವಿ ದಿನಾ ಬೆಳಗ್ಗೆ ಅದಕ್ಕೂ ಒಂದು ಹೂ ಮುಡಿಸುತ್ತಿದ್ದಳು. ಯುದ್ಧ ಶುರುವಾದರೂ ಕೈ ಮಾಮೂಲಿನಂತೆ ಹೂ ಇಡುತ್ತಲೇ ಹೋಯಿತು.

ರಕ್ಷಣಾ ನಿಧಿಗೆ ಚಂದಾ ಎತ್ತಲು ಬಂದ ಬೋರಣ್ಣನ ಕಣ್ಣಿಗೆ ಬಿದ್ದದ್ದು ಅದೇ. ಬೋರಣ್ಣ ಊರಿನ ಯಜಮಾನ. ಅವನ ಒಬ್ಬನೇ ಮಗ ಸೀನು ಫೌಜಿನಲ್ಲಿದ್ದ. ಗಡಿಗೆ ಹೋದವನಿಂದ ಮೂರು ವಾರದಿಂದ ಕಾಗದವಿರಲಿಲ್ಲ.

"ಲೇ ಗುರುಶಾಂತಾ, ಇದು ಯಾವೂರ ದೇವ್ರೋ?"

"ನೂಲಿನ ಚೀಟಿ ಕಣೋ."

"ಅದು ಗೊತ್ತು. ಯಾವೂರ ನೂಲು ಅಂದೆ."

ಗುರುಶಾಂತಪ್ಪ ಲಾಳಿ ನಿಲ್ಲಿಸಿದ. "ಚೀನಾದ್ದು."

"ನನ್ ಮಗನ ಮೇಲೆ ಗುಂಡು ಹಾರಿಸೋರಿಗೆ ನಿನ್ ಹೆಂಡ್ತಿ ಕುಂಕುಮ ಇಡ್ತಾಳಾ! ನಾಳೆ ಸಂಜೆ ಒಳಗೆ ಹಾಸು ಕತ್ತರಿಸಿ ಬನಶಂಕರಮ್ಮನ ಗುಡಿ ಮುಂದೆ ಸುಡು. ನೀನು ಕತ್ತರಿಸ್ದೆ ಹೋದ್ರೆ ನಾನೇ ಬರ್ತೀನಿ."

ಮಗ್ಗದ ಮೇಲಿನ ಹಾಸನ್ನು ಅರ್ಧಕ್ಕೆ ಕತ್ತರಿಸುವುದು ಆ ವಂಶದಲ್ಲಿ ಒಂದೇ ಸಂದರ್ಭದಲ್ಲಿ: ನೇಯುವವನು ತೀರಿಕೊಂಡಾಗ. ಜಯದೇವಿ ಚೀಟಿ ಕಿತ್ತು ಒಲೆಗೆ ಹಾಕಿದಳು. "ಏನೂಂದ್ರೆ, ಕತ್ತರಿಸಿಬಿಡಿ. ಊರು ಎದುರು ಹಾಕ್ಕೊಂಡು ಬಾಳೋಕಾಗುತ್ತಾ?" ಅಂದಳು. ಗುರುಶಾಂತಪ್ಪ ಮರುದಿನ ಬೀದಿಬಾಗಿಲು ಪೂರ್ತಿ ತೆರೆದಿಟ್ಟು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯತೊಡಗಿದ.

ಆ ದಿನವೇ ರೇಡಿಯೋದಲ್ಲಿ ಗಡಿಯ ಬೊಮ್ಡಿಲಾ ಊರು ಚೀನಾದವರ ಪಾಲಾದ ಸುದ್ದಿ ಬಂತು. ಬೋರಣ್ಣನ ಬೆದರಿಕೆ ಕಿವಿಗೆ ಬಿದ್ದು, ಮಧ್ಯಾಹ್ನ ಸೇತುರಾಮ ಸೈಕಲ್ ತುಳಿದುಕೊಂಡು ಏದುಸಿರಲ್ಲಿ ಬಂದ. ಜೇಬಿನಿಂದ ಟೈಪ್ ಮಾಡಿದ ಕಾಗದ ತೆಗೆದು, "ಇದರಲ್ಲಿ ನೂಲು ಜಪಾನಿನದು ಅಂತ ಇದೆ ಗುರುಶಾಂತಪ್ಪ. ನಮ್ಮ ಆಫೀಸಿನ ಸ್ನೇಹಿತರು ಮೊಹರು ಹಾಕಿಕೊಟ್ಟರು. ತೋರಿಸಿ, ಅಷ್ಟೇ," ಅಂದ. ಗುರುಶಾಂತಪ್ಪ ಲಾಳಿ ಎಸೆಯುತ್ತಲೇ ಇದ್ದ.

ಇಳಿಹೊತ್ತಿಗೆ ಬೋರಣ್ಣ ಬಂದ. ಕೈಯಲ್ಲಿ ಕುಡುಗೋಲು, ಬೆನ್ನಿಗೆ ಹತ್ತು ಹದಿನೈದು ಜನ. ಗುರುಶಾಂತಪ್ಪ ಮೇಲೇಳಲಿಲ್ಲ. ಅವನ ಎದೆಯ ಮಟ್ಟಕ್ಕೆ ಹಾಸು ಬಿಗಿದು ನಿಂತಿತ್ತು.

"ಏಳೋ ಮೇಲೆ."

"ಕತ್ತರಿಸೋದಿದ್ರೆ ಕತ್ತರಿಸು. ನಾನು ಏಳಲ್ಲ."

"ಶತ್ರು ನೂಲಿಗೆ ಪ್ರಾಣ ಕೊಡ್ತೀಯಾ?" ಹಿಂದಿನಿಂದ ಯಾರೋ ಕೂಗಿದರು. "ಎಷ್ಟು ಕೊಟ್ಟವ್ರಂತೆ ನಿಂಗೆ, ಚೀನಾದೋರು?"

ಬೋರಣ್ಣ ಕುಡುಗೋಲನ್ನು ಎಳೆಗಳ ಮೇಲಿಟ್ಟ. ನಾಲ್ಕೈದು ಎಳೆ ಟಪ್ಪನೆ ಹರಿದವು. ಜಯದೇವಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಬೋರಾ," ಅಂದ ಗುರುಶಾಂತಪ್ಪ, ತಗ್ಗಿದ ದನಿಯಲ್ಲಿ. "ಈ ಹಾಸು ಸುಡೋದಾದ್ರೆ ಸೀನೂನ ಮದುವೆ ಪಂಚೆನೂ ತಾ. ಹೋದ ವರ್ಷ ನಾನೇ ನೇಯ್ದಿದ್ದು. ಅದೂ ಇದೇ ಚೀನಾ ನೂಲು. ಎರಡೂ ಒಟ್ಟಿಗೆ ಸುಡೋಣ."

ಬೋರಣ್ಣನ ಕೈ ಅಲ್ಲೇ ನಿಂತಿತು. ಆ ಪಂಚೆಯನ್ನು ಸೀನುವಿನ ತಾಯಿ ಮೂರು ವಾರದಿಂದ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಬೋರಣ್ಣ ಹೊಸ್ತಿಲ ಮೇಲೆ ಕುಸಿದು ಕೂತು ಟವಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ ಕುಡುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. "ನಾನು ಮುಟ್ಟಲ್ಲ ಕಣೋ. ಆದ್ರೆ ಬೇರೆಯೋರು ಬಂದ್ರೆ ನಾನು ತಡೆಯೋಕಾಗಲ್ಲ. ಪೊಲೀಸ್ನೋರ ಕಿವಿಗೂ ಬಿದ್ದೈತೆ," ಎಂದವನೇ ಹೊರಟುಹೋದ. ಜನ ಒಬ್ಬೊಬ್ಬರಾಗಿ ಕರಗಿದರು.

ಗುರುಶಾಂತಪ್ಪ ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸತೊಡಗಿದ. ಅಷ್ಟು ಹೊತ್ತೂ ಅಲ್ಲೇ ಗೋಡೆಗೊರಗಿ ನಿಂತಿದ್ದ ಸೇತುರಾಮ ಮತ್ತೆ ಆ ಕಾಗದವನ್ನು ಚಾಚಿದ. "ಕೇಳಿಸಿತಲ್ಲ, ನಾಳೆ ಪೊಲೀಸರು ಬರ್ತಾರೆ. ಈಗಲಾದರೂ ಇಟ್ಕೊಳ್ಳಿ. ನಿಮ್ಮನ್ನು ಜೈಲಿಗೆ ಕಳಿಸಿ ನನ್ನ ಮಗಳಿಗೆ ಧಾರೆ ಸೀರೆ ಉಡಿಸಲಾ?"

ಗುರುಶಾಂತಪ್ಪ ತಲೆಯೆತ್ತದೆ ಎಳೆ ಹೊಸೆಯುತ್ತಲೇ ಹೇಳಿದ:

"ಬೇಡಿ ಸ್ವಾಮಿ, ಮಡಚಿ ಜೇಬಿಗೆ ಹಾಕ್ಕೊಳಿ. ನೂಲು ಚೀನಾದ್ದೇ. ನಮ್ಮ ಸರ್ಕಾರವೇ ಮೊಹರು ಒತ್ತಿ ನನ್ ಕೈಗೆ ಕೊಟ್ಟಿದ್ದು, ನಾನೇನೂ ಕದ್ದು ತಂದಿಲ್ಲ. ಪೊಲೀಸ್ನೋರು ಬರ್ಲಿ, ಇದೇ ಹೇಳ್ತೀನಿ. ಬೋರಣ್ಣನ ಮುಂದೆ ಆಡಿದ ಮಾತನ್ನ ಅವರ ಮುಂದೆ ಬದಲಾಯಿಸಿದ್ರೆ, ನಾಳೆ ಅವನ ಮುಖ ನಾನು ಹೆಂಗೆ ನೋಡ್ಲಿ?"