ಗಾಜಿನಾಚೆಯ ಕೈ

ವೆಸ್ಟ್ ನ್ಯೂಯಾರ್ಕ್ ಎಂಬ ಊರು ನ್ಯೂಯಾರ್ಕಿನಲ್ಲಿಲ್ಲ, ನ್ಯೂಜೆರ್ಸಿಯಲ್ಲಿದೆ. ಮದುವೆಯಾದ ಹೊಸತರಲ್ಲಿ ನನಗಿದು ಗೊತ್ತಿರಲಿಲ್ಲ. ಅತ್ತೆಯ ಮನೆಗೆಂದು ಹೊರಟವಳು ಮ್ಯಾನ್‌ಹಟನ್ನಿನ ಪಶ್ಚಿಮದ ಅಂಚಿನಲ್ಲಿ ಇಳಿದು, ಫೋನಿನಲ್ಲಿ ಗಂಡನೊಡನೆ ಜಗಳವಾಡುತ್ತ ನಿಂತಿದ್ದೆ. "ನದಿಯ ಈಚೆ ಬಾ" ಎಂದು ಅವನು, "ಈಚೆಯೇ ಇದ್ದೇನೆ" ಎಂದು ನಾನು. ಆವತ್ತು ಶುರುವಾದ ಗೊಂದಲ ಇನ್ನೂ ಮುಗಿದಿಲ್ಲ. ಉಡುಪಿ ಕಡೆಯ ಹುಡುಗಿ, ಕ್ಯೂಬಾದ ಮನೆತನದ ಸೊಸೆ, ಹಿಲ್ಸ್‌ಬರೋದ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್, ಬಿಡುವಿನಲ್ಲಿ ಇಂಗ್ಲಿಷಿನ ಪ್ರೇಮಕಾದಂಬರಿಗಳನ್ನು ಬರೆಯುವವಳು. ನೀವು ಯಾರು ಎಂದು ಯಾರಾದರೂ ಕೇಳಿದರೆ ಯಾವ ತುದಿಯಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

ನನ್ನ ಕಾದಂಬರಿಗಳ ನಾಯಕಿಯರೆಲ್ಲ ಕ್ಯೂಬಾದವರು. ನಾನು ಮಾತ್ರ ಕ್ಯೂಬಾಕ್ಕೆ ಕಾಲಿಟ್ಟವಳಲ್ಲ. ಹವಾನಾದ ಕಡಲ ಗೋಡೆಯ ಮೇಲೆ ಪ್ರೇಮಿಗಳನ್ನು ಕೂರಿಸಬೇಕಾದಾಗ ಕಣ್ಣು ಮುಚ್ಚಿ ಮಲ್ಪೆಯ ಕಲ್ಲುಗಳನ್ನು ನೆನಪಿಸಿಕೊಳ್ಳುತ್ತೇನೆ. ಉಪ್ಪುಗಾಳಿ ಎಲ್ಲಿದ್ದರೂ ಉಪ್ಪುಗಾಳಿಯೇ ಎಂದು ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತೇನೆ. ಮೊದಲ ಕಾದಂಬರಿ ಓದಿದ ಸಂಪಾದಕಿ, "ಎಲ್ಲ ಚೆನ್ನಾಗಿದೆ, ಆದರೆ ಇವಳು ಮದುವೆಯಾದ ಮೇಲೆ ಗಂಡನನ್ನು ಒಂದು ಸಲವೂ ಹೆಸರು ಹಿಡಿದು ಕರೆಯುವುದಿಲ್ಲವಲ್ಲ, ಸಿಟ್ಟೇ?" ಎಂದು ಕೇಳಿದಾಗ ನಾನು ಇಂಗು ತಿಂದ ಮಂಗನಂತಾದೆ. ನನ್ನ ಅಮ್ಮ ಅಪ್ಪನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಆ ಕ್ಯೂಬಾದ ಹುಡುಗಿಯೂ ಪಾಪ, ನನ್ನ ಕೈಗೆ ಸಿಕ್ಕು, ಇನ್ನೂರು ಪುಟ "ಕೇಳಿದಿರಾ" ಎನ್ನುವ ಧಾಟಿಯಲ್ಲೇ ಸಂಸಾರ ಮಾಡಿದ್ದಳು.

ಕನ್ನಡ ಸಂಘದ ಆಂಟಿಯರಿಗೆ ನನ್ನ ಮೇಲೆ ಬೇರೆಯೇ ದೂರು. "ಅವರ ಮನೆ ಬೀನ್ಸ್ ಬಗ್ಗೆ ಅಷ್ಟೊಂದು ಬರೀತೀಯಲ್ಲಾ, ನಮ್ಮ ಹುಳಿ ಏನು ಪಾಪ ಮಾಡಿತ್ತು?" ಎಂದು ದೀಪಾವಳಿ ಊಟದ ಕ್ಯೂನಲ್ಲೇ ಒಬ್ಬರು ಹಿಡಿದು ನಿಲ್ಲಿಸಿದ್ದರು. ಪುಸ್ತಕದಂಗಡಿಯಲ್ಲಿ ಕ್ಯೂಬಾದ ಹೆಂಗಸರು ನನ್ನ ಮುಖ ನೋಡಿ, ಪುಸ್ತಕದ ಮೇಲಿನ ಗಂಡನ ಮನೆಯ ಹೆಸರು ನೋಡಿ, ಮತ್ತೆ ಮುಖ ನೋಡಿ, "ತಾಯಿಯ ಕಡೆಯಿಂದಲೋ, ತಂದೆಯ ಕಡೆಯಿಂದಲೋ?" ಎಂದು ಮೆಲ್ಲಗೆ ಕೇಳುತ್ತಾರೆ. "ಅತ್ತೆಯ ಕಡೆಯಿಂದ" ಎನ್ನುತ್ತೇನೆ. ಅದು ತಮಾಷೆಯೆಂದು ಅವರು ನಗುತ್ತಾರೆ, ನಾನು ನಿಜವನ್ನೇ ಹೇಳಿರುತ್ತೇನೆ.

ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು. ಅವರ ಭಾಷೆಯಲ್ಲಿ ಮಾಮಿ ಎಂದರೆ ಅಮ್ಮ. ನಮ್ಮೂರಿನ ತುಳುವಿನಲ್ಲಿ ಮಾಮಿ ಎಂದರೆ ಅತ್ತೆ. ನಾನು ಕರೆದಾಗ ಅವರಿಗೆ ಮಗಳು ಕರೆದಂತೆ ಕೇಳಿಸುತ್ತದೆ, ನನಗೆ ಅತ್ತೆಯನ್ನೇ ಕರೆದ ಲೆಕ್ಕ. ಮಾಮಿ ನನ್ನನ್ನು ಮಿಹಾ ಎನ್ನುತ್ತಾರೆ, ಮಗಳೇ ಎಂದು ಅರ್ಥ. ಹೀಗೆ ಯಾರಿಗೂ ತೊಂದರೆಯಿಲ್ಲದೆ ನಮ್ಮ ಸಂಬಂಧ ನಡೆದುಕೊಂಡು ಬಂದಿತ್ತು. ಸಸ್ಯಾಹಾರಿ ಸೊಸೆ ಎಂದು ಕೇಳಿ ಮೊದಲು ಮರುಗಿದ ಮಾಮಿ, ಆಮೇಲೆ ನನಗಾಗಿ ಕಪ್ಪು ಬೀನ್ಸನ್ನು ಹಂದಿಮಾಂಸವಿಲ್ಲದೆ ಬೇಯಿಸತೊಡಗಿದರು. ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸು, ಜೀರಿಗೆಯನ್ನು ಎಣ್ಣೆಯಲ್ಲಿ ಬಾಡಿಸಿ ಅವರು ಬೀನ್ಸಿಗೆ ಸುರಿದಾಗ ಏಳುವ ಸದ್ದು ನಮ್ಮ ಒಗ್ಗರಣೆಯದೇ. ಅವರು ಮರಗೆಣಸು ಬೇಯಿಸಿ ಬೆಳ್ಳುಳ್ಳಿ ಎಣ್ಣೆ ಹಾಕಿಟ್ಟ ದಿನ ನಾನು ಮೂರು ಸಲ ಬಡಿಸಿಕೊಳ್ಳುತ್ತೇನೆ.

ಮೂರನೆಯ ಕಾದಂಬರಿಗೆ ಮಾಮಿ ತಮ್ಮ ಕಥೆಯನ್ನೇ ಕೊಟ್ಟರು. ಹದಿನೆಂಟರ ಹರೆಯದಲ್ಲಿ ಒಬ್ಬಳೇ ಹವಾನಾದಿಂದ ಹೊರಟು ಬಂದದ್ದು, ನದಿಯ ಮೇಲಿನ ಈ ಗುಡ್ಡದೂರಿನಲ್ಲಿ ಕಸೂತಿ ಕಾರ್ಖಾನೆಗೆ ಸೇರಿದ್ದು, ಯಂತ್ರ ರಿಪೇರಿಯ ಹುಡುಗನೊಬ್ಬ ಕೆಟ್ಟಿರದ ಅವರ ಯಂತ್ರವನ್ನು ದಿನವೂ ರಿಪೇರಿ ಮಾಡಲು ಬಂದದ್ದು. ಆ ಹುಡುಗನೇ ನನ್ನ ಮಾವ, ಈಗಿಲ್ಲ. ಮಾಮಿ ಕಾಫಿ ಮಾಡುತ್ತ ಹೇಳುವರು. ಪಾತ್ರೆಯಿಂದ ಇಳಿಯುವ ಮೊದಲ ಕಾಫಿಯ ಹನಿಗಳನ್ನು ಸಕ್ಕರೆಗೆ ಹಾಕಿ, ಅದು ನೊರೆಯಾಗುವವರೆಗೆ ಚಮಚದಿಂದ ಗರಗರ ತಿರುಗಿಸುವರು. ಕಥೆ ರಂಗೇರಿದ ಹಾಗೆ ಚಮಚದ ವೇಗವೂ ಏರುತ್ತಿತ್ತು.

ಒಂದೇ ಕಡೆ ಚಮಚ ನಿಲ್ಲುತ್ತಿತ್ತು, ವಿಮಾನ ನಿಲ್ದಾಣದಲ್ಲಿ. ದೇಶ ಬಿಟ್ಟು ಹೋಗುವವರನ್ನೆಲ್ಲ ಒಂದು ಗಾಜಿನ ಕೋಣೆಯೊಳಗೆ ಕೂರಿಸುತ್ತಿದ್ದರಂತೆ. ಜನ ಅದನ್ನು ಮೀನಿನ ತೊಟ್ಟಿ ಎನ್ನುತ್ತಿದ್ದರು. ಆಚೆ ನಿಂತ ಮನೆಯವರ ಮುಖ ಕಾಣುವುದು, ಮಾತು ಕೇಳದು. ಮಾಮಿಗೆ ಹೊರಡಲು ಒಂದಿಷ್ಟೂ ಮನಸ್ಸಿರಲಿಲ್ಲ. ಹಟ ಹಿಡಿದು ಕಳಿಸಿದವರು ಅವರ ಅಪ್ಪ. ವಾರವಿಡೀ ಅಪ್ಪನೊಡನೆ ಮಾತು ಬಿಟ್ಟಿದ್ದರು. ಕೊನೆಯಲ್ಲಿ ಗಾಜಿನ ಆಚೆ ಅಪ್ಪ ಕೈಯಾಡಿಸಿದ. "ಅಳಲೂ ಇಲ್ಲ" ಎನ್ನುತ್ತಿದ್ದರು ಮಾಮಿ, "ಪಕ್ಕದ ಬೀದಿಗೆ ಕಳಿಸುವವನ ಹಾಗೆ ಹೀಗೆ ಕೈಯಾಡಿಸಿದ." ಚಮಚ ಬಿಟ್ಟು ಬಲಗೈಯನ್ನು ಎತ್ತಿ ತೋರಿಸುತ್ತಿದ್ದರು. ಅಪ್ಪನನ್ನು ಮತ್ತೆ ನೋಡಲೇ ಇಲ್ಲ. ಆತ ಅಲ್ಲಿಯೇ ತೀರಿಕೊಂಡ. ಅಷ್ಟು ಸುಲಭವಾಗಿ ಕಳಿಸಿಬಿಟ್ಟನಲ್ಲ ಎಂಬ ಸಿಟ್ಟು ಮಾತ್ರ ಎಂಬತ್ತರ ಹೊಸ್ತಿಲಲ್ಲೂ ಅವರಲ್ಲಿ ಹಾಗೆಯೇ ಇತ್ತು.

"ಪ್ರೀತಿಯ ವಿಷಯದಲ್ಲಿ ನೀನು ಏನು ಬೇಕಾದರೂ ಸೇರಿಸು" ಎಂದು ಮಾಮಿ ಮೊದಲೇ ಹೇಳಿಬಿಟ್ಟಿದ್ದರು. "ನನ್ನ ಅಪ್ಪನ ವಿಷಯದಲ್ಲಿ ಒಂದು ಸುಳ್ಳು ಇದ್ದರೂ ಈ ಪುಸ್ತಕ ಹೊರಗೆ ಬರಕೂಡದು." ನಾನು ಒಪ್ಪಿದೆ.

ಬರೆದು ಮುಗಿಸಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಾಮಿಯ ಊಟದ ಮೇಜಿನ ಸುತ್ತ ಕೂತೆವು. ಮಾಮಿಗೆ ಕಾದಂಬರಿ ಓದುವಷ್ಟು ಇಂಗ್ಲಿಷ್ ಬಾರದು. ನನ್ನ ಗಂಡ ಇಂಗ್ಲಿಷ್ ನೋಡಿಕೊಂಡು ಸ್ಪ್ಯಾನಿಷಿನಲ್ಲಿ ಹೇಳುತ್ತ ಹೋಗುವುದು, ಮಾಮಿ ಕೇಳುವುದು ಎಂದಾಗಿತ್ತು. ಕಾರ್ಖಾನೆಯ ಹಿಂಬದಿಯಲ್ಲಿ ಮೊದಲ ಮುತ್ತಿನ ಪುಟ ಬಂತು. ತನ್ನ ಅಪ್ಪ ಅಮ್ಮನ ಮುತ್ತನ್ನು ತಾನೇ ಅಮ್ಮನಿಗೆ ಓದಿ ಹೇಳಬೇಕಾದ ಗಂಡಸಿನ ಮುಖವನ್ನು ನೋಡಬೇಕಿತ್ತು. ಗಂಟಲು ಸರಿಮಾಡಿಕೊಂಡು ಎರಡು ಪುಟ ಹಾರಿಸಿದ.

"ಏನೋ ಬಿಟ್ಟೆ ನೀನು" ಎಂದರು ಮಾಮಿ.

"ಅದು ಬರೀ ವರ್ಣನೆ, ಮಾಮಿ."

"ನಿನ್ನಪ್ಪ ವರ್ಣನೆ ಮಾಡುತ್ತ ಕೂರುವ ಆಸಾಮಿಯಲ್ಲ. ಓದು."

ಅವನು ಬೆವರುತ್ತ ಓದಿದ. ಮಾಮಿ ಖುಷಿಯಾಗಿ ತಲೆಯಾಡಿಸಿದರು. ನಾನು ಗೆದ್ದೆ ಎಂದುಕೊಂಡೆ. ಕಾದಂಬರಿಯ ನಾಯಕಿ ತನ್ನ ಹುಡುಗನಿಗೆ ವಿಮಾನ ನಿಲ್ದಾಣದ ಕಥೆ ಹೇಳುವ ಅಧ್ಯಾಯ ಆಮೇಲೆ ಬಂತು. "ಗಾಜಿನ ಆಚೆ ಅಪ್ಪ ಕೈಯೆತ್ತಿದ" ಎಂದು ಗಂಡ ಓದಿದ. "ಅಂಗೈ ಕೆಳಗೆ ಮಾಡಿ ಬೆರಳುಗಳನ್ನು ತನ್ನತ್ತ ಎಳೆದುಕೊಂಡ. ಬಾ, ಎಂದ. ವಾಪಸು ಬಾ."

"ಏನಂದೆ?" ಎಂದರು ಮಾಮಿ. ಅವನು ಮತ್ತೆ ಓದಿದ. ಮಾಮಿ ನನ್ನ ಕಡೆ ತಿರುಗಿದರು. "ಇದೇ, ಮಿಹಾ, ಇದೇ ಬೇಡ ಅಂದಿದ್ದೆ ನಾನು. ಅವನು ಬಾ ಅನ್ನಲಿಲ್ಲ. ಹೋಗು ಅಂದ. ಅದಿಯೋಸ್, ವಿದಾಯ, ಅಂದ."

ನನಗೆ ತಲೆಬುಡ ತಿಳಿಯಲಿಲ್ಲ. "ನೀವೇ ತೋರಿಸಿದ್ದಲ್ಲವೇ ಮಾಮಿ? ಪ್ರತಿ ಸಲವೂ ಹಾಗೇ ತೋರಿಸಿದಿರಿ."

"ಹಾಗೆಲ್ಲಿ ತೋರಿಸಿದೆ? ಹೀಗೆ" ಎಂದು ಮಾಮಿ ಕೈಯೆತ್ತಿದರು. ಅಂಗೈ ಕೆಳಗಾಯಿತು. ನಾಲ್ಕು ಬೆರಳೂ ಒಟ್ಟಿಗೆ ಮಡಚಿ ಅವರತ್ತಲೇ ಬಂದವು. ನಮ್ಮೂರಿನಲ್ಲಿ ರಸ್ತೆಯ ಆಚೆ ಇರುವವರನ್ನು ಈಚೆ ಕರೆಯುವುದು ಹಾಗೆಯೇ. ನಾನು ಬರೆದದ್ದು ಆ ಕೈಯನ್ನು ನೋಡಿ. ಕಳಿಸಿಬಿಟ್ಟ ಎಂಬ ಅವರ ಸಿಟ್ಟು ಅಪ್ಪನ ಹಟದ ಮೇಲಿನದು ಎಂದುಕೊಂಡಿದ್ದೆ, ಆ ಕೈಗೆ ಬೇರೆ ಅರ್ಥ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಗಂಡ ಹಾಳೆ ಕೆಳಗಿಟ್ಟ. "ನೀನು ನಮ್ಮನ್ನು ಬೀದಿಯಿಂದ ಊಟಕ್ಕೆ ಕರೆಯುತ್ತಿದ್ದದ್ದೂ ಹೀಗೇ, ಮಾಮಿ" ಎಂದ.

ಮಾಮಿ ತಮ್ಮ ಕೈಯನ್ನೇ ನೋಡುತ್ತ ಕೂತರು. "ಅಲ್ಲಿ ನಿಂತವನು ಟಾಟಾ ಬಿಟ್ಟು ಬೇರೇನು ಮಾಡುತ್ತಾನೆ?" ಎಂದರು, ನಮಗಲ್ಲ. ಆಮೇಲೆ, "ಕರೆದಿದ್ದರೆ ನಾನು ಬೆನ್ನು ತಿರುಗಿಸಿ ಹೋಗಿಬಿಟ್ಟೆನಲ್ಲ" ಎಂದರು. ಅದಿಯೋಸ್ ಎಂದು ಈಗಲೇ ಬದಲಾಯಿಸುತ್ತೇನೆ ಎಂದು ಏನೇನೋ ಬಡಬಡಿಸಿದೆ. ಮಾಮಿ ಎದ್ದು ಒಳಕೋಣೆಗೆ ಹೋದರು. ಊಟದ ಮೇಲಿನ ಕಾಫಿಗೆಂದು ಅವರು ನೊರೆ ಬರಿಸಿಟ್ಟಿದ್ದ ಸಕ್ಕರೆ ಉಳಿದ ಕಾಫಿ ಕಾಣದೆ ಬಟ್ಟಲಲ್ಲೇ ಗಟ್ಟಿಯಾಯಿತು.

ಆಮೇಲಿನ ದಿನಗಳು ಕೆಟ್ಟವು. ದಿನವೂ ಫೋನು ಮಾಡಿ ಊಟವಾಯಿತೇ ಎಂದು ಕೇಳುವ ಮಾಮಿ ಫೋನು ಮಾಡಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ "ಬಾ" ಎಂಬುದನ್ನು ಅಳಿಸಿ "ಅದಿಯೋಸ್" ಎಂದು ಬರೆಯುವುದು, ಅದು ಸುಳ್ಳೆನಿಸಿ ಮತ್ತೆ "ಬಾ" ಎನ್ನುವುದು. ಯಾವುದು ನಿಜವೆಂದು ನನಗೇನು ಗೊತ್ತು? ಮುದುಕಿಯ ಕೈಯ ನೆನಪನ್ನು ನಂಬಲೋ, ಬಾಯಿಯ ನೆನಪನ್ನು ನಂಬಲೋ? ಟಾಟಾ ಎಂದಾದರೆ ಅಪ್ಪ ಸುಲಭವಾಗಿ ಕಳಿಸಿಕೊಟ್ಟ. ಬಾ ಎಂದಾದರೆ ಮಗಳು ಸುಲಭವಾಗಿ ಬಿಟ್ಟುಹೋದಳು. ಎರಡರಲ್ಲಿ ಒಂದನ್ನು ನಾನು ಮಾಮಿಯ ತಲೆಗೆ ಕಟ್ಟಬೇಕಿತ್ತು. ಪ್ರೇಮಕಾದಂಬರಿ ಬರೆಯಲು ಹೊರಟವಳಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಉಡುಪಿಯ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಅಮ್ಮನಿಗೆ ಸಮಸ್ಯೆಯೇ ಅರ್ಥವಾಗಲಿಲ್ಲ. "ಎಂತ ಮಾರಾಯ್ತಿ ಅದು? ಕಳಿಸುವಾಗ ಬರೀ ಹೋಗು ಅಂತ ಯಾರಾದ್ರೂ ಹೇಳ್ತಾರಾ? ಹೋಗಿ ಬಾ ಅಂತಲೇ ಅಲ್ವಾ ಹೇಳುದು? ನಿನ್ನನ್ನು ಕಳಿಸುವಾಗ ನಾನು ಎಂತ ಹೇಳಿದ್ದು?"

ಆ ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಮಾಮಿಯ ಮನೆಗೆ ಹೋದೆ. ಬಾಗಿಲು ತೆರೆದರು, ಮುಖ ಬಾಡಿತ್ತು. ನಮ್ಮ ಭಾಷೆಯಲ್ಲಿ ಬೀಳ್ಕೊಡುವ ಮಾತೇ ಹೀಗೆ ಎಂದು ನನ್ನ ಹರಕು ಸ್ಪ್ಯಾನಿಷಿನಲ್ಲಿ ಬಿಡಿಸಿ ಹೇಳಿದೆ. ಹೋಗು ಎಂದು ಬರಿದೇ ಹೇಳಿದರೆ ಕೆಟ್ಟದ್ದು, ಬಾ ಎನ್ನುವುದನ್ನು ಸೇರಿಸಿಯೇ ಹೇಳಬೇಕು ಎಂದೆ. ಮಾಮಿ ಇನ್ನೊಮ್ಮೆ ಹೇಳಿಸಿದರು.

"ಹೋಗಿ ಬಾ" ಎಂದೆ.

"ಇದರಲ್ಲಿ ಹೋಗು ಯಾವುದು, ಬಾ ಯಾವುದು?"

ಹೇಳಿದೆ. ಅವರು ಬಾಯಿಯೊಳಗೇ ಒಂದೆರಡು ಸಲ ಅಂದು ನೋಡಿದರು. "ನನ್ನ ಅಪ್ಪನಿಗೆ ನಿಮ್ಮ ಭಾಷೆ ಬರುತ್ತಿರಲಿಲ್ಲ, ಮಿಹಾ" ಎಂದರು. ಪುಸ್ತಕ ಬೇಡ ಬಿಡಿ, ಸಂಪಾದಕಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ನಿಜವಾಗಿಯೂ ಅದನ್ನೇ ಬಯಸಿದ್ದೆ, ಮಾಮಿ ಮತ್ತೆ ಫೋನು ಮಾಡುವಂತಾದರೆ ಸಾಕಿತ್ತು.

"ಬೇಡ ಅನ್ನಬೇಡ" ಎಂದರು ಮಾಮಿ. "ಕೈ ಏನು ಮಾಡಿತೋ ಅಷ್ಟು ಬರಿ. ಏನು ಹೇಳಿತು ಅಂತ ಬರೆಯಬೇಡ. ಅದು ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ." ಕಾಫಿ ಮಾಡುವ ಮಾತೆತ್ತಲಿಲ್ಲ. ಅವರು ದಣಿದಿದ್ದರು. ನಾನು ಕೋಟು ಹಾಕಿಕೊಂಡು ಇಳಿದು ಬಂದೆ.

ಹೊರಗೆ ಕೊರೆಯುವ ಚಳಿ. ಕಾರು ಇಳಿಜಾರಿನ ಕೆಳಗೆ ನಿಂತಿತ್ತು. ಬಾಗಿಲಿಗೆ ಕೈಹಾಕಿ ಒಮ್ಮೆ ಮೇಲೆ ನೋಡಿದೆ. ಎರಡನೆಯ ಮಹಡಿಯ ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಮಾಮಿ ನಿಂತಿದ್ದರು. ನನ್ನನ್ನು ಕಂಡು ಕೈಯೆತ್ತಿದರು. ಅಂಗೈ ಕೆಳಗೆ, ಬೆರಳುಗಳು ಅವರತ್ತ. ಮದುವೆಯಾದಂದಿನಿಂದ ಪ್ರತಿ ಸಲವೂ ಆ ಕಿಟಕಿಯಿಂದ ಅವರು ಹಾಗೆ ಮಾಡಿದ್ದಾರೆ. ಬೆರಳು ಯಾವ ಕಡೆ ಮಡಚುತ್ತವೆಂದು ಗಮನಿಸದೆಯೇ ನಾನೂ ಕೈಬೀಸಿ ಕಾರು ಹತ್ತಿ ಹೋಗಿದ್ದೇನೆ. ಆವತ್ತು ಕಾಲು ಬರಲಿಲ್ಲ. ಟಾಟಾ ಇದ್ದರೂ ಇರಬಹುದು. ಇಲ್ಲದಿದ್ದರೆ? ನಡುರಸ್ತೆಯಲ್ಲಿ ಕೀಲಿಕೈ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ. ಆಮೇಲೆ ಏರು ಹತ್ತಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಾಗಿಲು ಬಡಿದೆ.

ಮಾಮಿ ಬಾಗಿಲು ತೆರೆದರು. "ಏನು ಮರೆತೆ?"

"ಏನೂ ಇಲ್ಲ. ನೀವು ಕರೆದಿರಿ ಅಂತ ಬಂದೆ."

"ನಾನು ಕರೆಯಲಿಲ್ಲ, ಮಿಹಾ. ಟಾಟಾ ಮಾಡಿದೆ" ಎಂದರು ಮಾಮಿ. ಹಾಗೆಂದವರು ಬಾಗಿಲು ಹಿಡಿದು ನಿಂತೇ ಇದ್ದರು. ನನ್ನ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಆದರೂ ನೀನು ಬಂದೆಯಲ್ಲ" ಎಂದರು.